ಎಲ್ಲಾ ನೆಗೆಟಿವ್ ಒಂದೇ ಸಾರ್!

ತುಮಕೂರಿನಲ್ಲಿ ಯಾರಾದರೂ ತಮ್ಮ ಮನೆಯ ವೈರಿಂಗ್ ಮುಗಿಯಿತು ಎಂದರೆ ನಂಬಬೇಡಿ. ಇಲ್ಲಿ ವೈರಿಂಗ್ ಮುಗಿಯುವುದಿಲ್ಲ, ಆಗಾಗ ಸುಧಾರಿಸಿಕೊಳ್ಳುತ್ತದೆ, ಅಷ್ಟೇ. ಗೃಹಪ್ರವೇಶಕ್ಕೆ ಒಂದು ಸಲ ಆಗುತ್ತದೆ. ಮೇಲಿನ ಮನೆ ಬಾಡಿಗೆಗೆ ಕೊಡುವಾಗ ಇನ್ನೊಂದು ಸಲ, ಮಗನ ಮದುವೆಗೆ ಏಸಿ ಕೂರಿಸುವಾಗ ಮತ್ತೊಂದು ಸಲ. ಇನ್ನು ಸಾಕಪ್ಪಾ ಎಂದು ಕೂತಾಗ ವಾಸ್ತು ಪಂಡಿತರು ಬರುತ್ತಾರೆ. ಮೆಟ್ಟಿಲ ಕೆಳಗೆ ಬಗ್ಗಿ ನೋಡುತ್ತಾರೆ. "ಬ್ಯಾಟರಿ ಈಶಾನ್ಯದಲ್ಲಿದೆಯಲ್ಲಾ ಸ್ವಾಮಿ, ಇದು ಅಗ್ನಿತತ್ತ್ವ. ಆಗ್ನೇಯಕ್ಕೆ ಹಾಕ್ಸಿ. ಅದಕ್ಕೇ ನಿಮ್ಮ ಮಗಳಿಗೆ ಸಂಬಂಧ ಕೂಡಿ ಬರ್ತಿಲ್ಲ" ಎನ್ನುತ್ತಾರೆ. ಸೀಸ ಮತ್ತು ಆಮ್ಲದ ಈ ಬ್ಯಾಟರಿಯನ್ನು 1859ರಲ್ಲಿ ಮಾಡಿದ ಫ್ರಾನ್ಸಿನ ಗಸ್ತೋಂ ಪ್ಲಾಂಟೆ ತನ್ನ ಪ್ರಯೋಗಶಾಲೆಯ ಯಾವ ಮೂಲೆಯಲ್ಲಿ ಇಟ್ಟಿದ್ದನೋ ಯಾರಿಗೂ ಬೇಕಿಲ್ಲ. ಅಂತೂ ಅದು ಚಾರ್ಜ್ ಆಗಿತ್ತು. ಪಂಡಿತರು ಅವನ ಕಾಲದಲ್ಲಿ ಇರಲಿಲ್ಲವಾದ್ದರಿಂದ ಜಗತ್ತಿಗೆ ಬ್ಯಾಟರಿ ಸಿಕ್ಕಿತು.

ಊರಿನ ಕಥೆಯೂ ಅಷ್ಟೇ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ರಸ್ತೆಗಳಿಗೂ ವಾಸ್ತುದೋಷ ಕಾಣಿಸಿಕೊಂಡಿತು. ಚರಂಡಿಗೆ ಅಗೆದರು, ಮುಚ್ಚಿದರು. ಕೇಬಲ್ಲಿಗೆ ಅಗೆದರು, ಮುಚ್ಚಿದರು. ಮುಚ್ಚಿದ್ದು ಸರಿಯಾಗಿದೆಯೇ ನೋಡಲು ಮತ್ತೆ ಅಗೆದರು. ಅಗೆತದ ಹಾರೆಗೆ ಸಿಕ್ಕ ತಂತಿ ಕಡಿದು ಕರೆಂಟು ಹೋಯಿತು, ಕರೆಂಟು ಹೋದದ್ದಕ್ಕೆ ಮನೆಮನೆಗೆ ಯುಪಿಎಸ್ ಬಂತು. ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್ ಸೋಲಾರ್ ಹಾಸಿಕೊಂಡಿದೆ. ಆದರೆ ಅದು ಹಗಲಿನ ನೌಕರ. ಹೊತ್ತು ಮುಳುಗಿದರೆ ಡ್ಯೂಟಿ ಮುಗೀತು. ಹಗಲೆಲ್ಲ ಮಾಡಿದ್ದು ಹೈಟೆನ್ಷನ್ ತಂತಿ ಹಿಡಿದು ಗ್ರಿಡ್ಡಿಗೆ ಹೋಗಿರುತ್ತದೆ. ರಾತ್ರಿ ಎಂಟಕ್ಕೆ ಧಾರಾವಾಹಿಯ ಸೊಸೆ ವಿಷದ ಲೋಟ ಎತ್ತುವಾಗ ಕರೆಂಟು ಹೋದರೆ, ಆಪದ್ಬಾಂಧವ ಮೂಲೆಯಲ್ಲಿರುವ 150 ಎಎಚ್ ಬ್ಯಾಟರಿಯೇ.

ನಮ್ಮ ಬೀದಿಯ ಲೆಕ್ಕದ ಮೇಷ್ಟ್ರು ನಿವೃತ್ತರಾದ ಮೇಲೆ ಈ ಬ್ಯಾಟರಿಯ ಬೆನ್ನು ಹತ್ತಿದರು. ಮೇಲೆ ತಾರಸಿಯಲ್ಲಿ ಎರಡು ಸೋಲಾರ್ ಪ್ಯಾನೆಲ್, ಕೆಳಗೆ ಯುಪಿಎಸ್, ನಡುವೆ ಬ್ಯಾಟರಿ. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ತಿಳಿಯದೆ ಅವರಿಗೆ ನಿದ್ದೆ ಬರುವುದಿಲ್ಲ. ಅದಕ್ಕೇ ಒಂದು ಬ್ಯಾಟರಿ ಮಾನಿಟರ್ ತರಿಸಿ ಹಾಕಿಸಿದ್ದರು. ಅಂಗೈ ಅಗಲದ ಡಿಸ್‌ಪ್ಲೇ, ಅದರಲ್ಲಿ ವೋಲ್ಟ್, ಆಂಪಿಯರ್, ಶೇಕಡಾ. ಎರಡು ವರ್ಷ ಪಂಚಾಂಗದ ಪಕ್ಕ ನಿಂತು ಪಂಚಾಂಗಕ್ಕಿಂತ ನಿಖರವಾಗಿ ನಡೆಯಿತು. ಆಮೇಲೆ ಪಂಡಿತರು ಬಂದರು, ಬ್ಯಾಟರಿ ಆಗ್ನೇಯಕ್ಕೆ ಹೋಯಿತು, ಎಲೆಕ್ಟ್ರಿಷಿಯನ್ ಹೊಸದಾಗಿ ತಂತಿ ಎಳೆದ. ಅವತ್ತಿನಿಂದ ಮಾನಿಟರ್ ಶೇಕಡಾ ನೂರು ತೋರಿಸತೊಡಗಿತು. ಬೆಳಿಗ್ಗೆ ನೂರು, ಮಧ್ಯಾಹ್ನ ನೂರು. ಕರೆಂಟು ಹೋಗಿ ಎರಡು ಫ್ಯಾನು, ಟಿವಿ, ನಾಲ್ಕು ದೀಪ ಓಡುವಾಗಲೂ ನೂರು. ಯುಪಿಎಸ್ ಕುಂಯ್ ಕುಂಯ್ ಎಂದು ಕೂಗಿ ಪ್ರಾಣ ಬಿಟ್ಟು ಮನೆಯೆಲ್ಲ ಕತ್ತಲಾದ ಮೇಲೂ ಮಾನಿಟರ್ ಮಾತ್ರ ಆ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತ ನೂರು ಎನ್ನುತ್ತಿತ್ತು.

ಇಂಥ ಪ್ರಸಂಗದಲ್ಲಿ ನಮ್ಮೂರಿನಲ್ಲಿ ತಜ್ಞರಿಗೆ ಬರವಿಲ್ಲ. ಮೊದಲು ಬಂದವನು ತಂತಿ ಎಳೆದ ಎಲೆಕ್ಟ್ರಿಷಿಯನ್ನೇ. ಅವನು ಟೆಸ್ಟರನ್ನು ಕಿವಿಯ ಮೇಲಿಂದ ತೆಗೆದ, ಡಿಸ್‌ಪ್ಲೇಯನ್ನು ಬೆರಳಿನಿಂದ ಟಕ್ ಟಕ್ ಬಡಿದ, ತೀರ್ಪು ಕೊಟ್ಟ: "ಬೋರ್ಡ್ ಹೋಗಿದೆ ಸಾರ್." ಈ ವಾಕ್ಯಕ್ಕೆ ಮೇಲ್ಮನವಿ ಇಲ್ಲ. ಮಿಕ್ಸಿ ನಿಂತರೂ, ಟಿವಿ ಮಂಕಾದರೂ, ಲಿಫ್ಟ್ ನಡುವೆ ನಿಂತರೂ ಬೋರ್ಡೇ ಹೋಗಿರುತ್ತದೆ. ಎರಡನೆಯವನು ಬ್ಯಾಟರಿ ಅಂಗಡಿಯವನು. ಅವನಿಗೆ ಯಾವ ರೋಗಕ್ಕೂ ಒಂದೇ ಮದ್ದು: "ಬ್ಯಾಟರಿ ವೀಕ್ ಸಾರ್, ಎಕ್ಸ್‌ಚೇಂಜ್ ಮಾಡ್ಬುಡಿ. ಹಳೇದಕ್ಕೆ ತೂಕದ ರೇಟು ಕೊಡ್ತೀನಿ." ಮೂರನೆಯವನು ಇಂಜಿನಿಯರಿಂಗ್ ಓದುವ ಸೋದರಳಿಯ. ಅವನು ಮಾನಿಟರನ್ನು ಮುಟ್ಟಲೇ ಇಲ್ಲ. ಫೋನಿನಲ್ಲಿ ಅದರ ಆ್ಯಪ್ ಅಪ್‌ಡೇಟ್ ಮಾಡಿದ. ಈಗ ಅದೇ ನೂರು ಇನ್ನೂ ಚೆಂದದ ಅಕ್ಷರದಲ್ಲಿ ಕಾಣಿಸಿತು.

ಮೇಷ್ಟ್ರು ಮಾತ್ರ ಮಲ್ಟಿಮೀಟರ್ ಹಿಡಿದು ನೆಲದ ಮೇಲೆ ಕೂತರು. ಅವರು ಕಂಡದ್ದನ್ನು ಹೇಳುವ ಮೊದಲು ಈ ಯಂತ್ರದ ಒಳಗುಟ್ಟು ಹೇಳಬೇಕು. ಡಿಸ್‌ಪ್ಲೇ ಎನ್ನುವುದು ಬರೀ ಬಾಯಿ. ಕಣ್ಣು ಇರುವುದು ಬ್ಯಾಟರಿಯ ಪಕ್ಕದಲ್ಲಿ, ಅದರ ಹೆಸರು ಷಂಟ್. ಎರಡು ಹಿತ್ತಾಳೆ ಗಟ್ಟಿಗಳು, ಅವುಗಳ ನಡುವೆ ಬೆಸೆದ ಕೆಲವು ಲೋಹದ ಪಟ್ಟಿಗಳು. ಪಟ್ಟಿ ಸಾಮಾನ್ಯವಾಗಿ ಮ್ಯಾಂಗನಿನ್ ಎಂಬ ಮಿಶ್ರಲೋಹದ್ದು, ಏಕೆಂದರೆ ಬಿಸಿಯಾದರೂ ಅದರ ರೋಧ ಹೆಚ್ಚುಕಡಿಮೆ ಆಗುವುದಿಲ್ಲ. ಮೇಲೆ ಕೆತ್ತಿರುತ್ತಾರೆ: 500 ಆಂಪಿಯರ್, 50 ಮಿಲಿವೋಲ್ಟ್. ಅಂದರೆ 500 ಆಂಪಿಯರ್ ಹರಿದರೆ ಆ ಪಟ್ಟಿಯ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಏಳುತ್ತದೆ, 30 ಆಂಪಿಯರ್ ಹರಿದರೆ ಬರೇ 3 ಮಿಲಿವೋಲ್ಟ್. ಆ ಚೂರು ವೋಲ್ಟನ್ನು ಎರಡು ಸಪೂರ ತಂತಿಗಳು ಅಳೆದು ಒಳಗೆ ಒಯ್ಯುತ್ತವೆ. ಮಾನಿಟರ್ ಅದನ್ನು ಆಂಪಿಯರಿಗೆ ತಿರುಗಿಸಿ, ಗಳಿಗೆ ಗಳಿಗೆಗೂ ಕೂಡಿ ಕಳೆದು, ಬ್ಯಾಟರಿಯಲ್ಲಿ ಉಳಿದದ್ದು ಇಷ್ಟು ಎಂದು ಹೇಳುತ್ತದೆ. ಬ್ಯಾಟರಿಯ ಒಳಗೆ ಇಣುಕಿ ನೋಡುವ ಯಾವ ವಿದ್ಯೆಯೂ ಅದಕ್ಕಿಲ್ಲ.

ಹಾಗಾಗಿ ಒಂದೇ ಒಂದು ಷರತ್ತು. ಬ್ಯಾಟರಿಯ ಮೈನಸ್ ತುದಿಗೆ ಷಂಟ್ ಬಿಟ್ಟು ಬೇರೆ ಯಾವ ತಂತಿಯೂ ಅಂಟಬಾರದು. ಯುಪಿಎಸ್ ಇರಲಿ, ಸೋಲಾರ್ ಇರಲಿ, ದೇವರ ಮನೆಯ ಪುಟ್ಟ ಎಲ್‌ಇಡಿ ಇರಲಿ, ಎಲ್ಲರ ಮೈನಸ್ಸೂ ಷಂಟಿನ ಆಚೆ ಬದಿಗೆ ಬರಬೇಕು. ಕ್ಯಾತ್ಸಂದ್ರದ ಟೋಲ್ ಗೇಟಿನ ಹಾಗೆ: ಗೇಟಿನಲ್ಲಿ ಹೋದ ಗಾಡಿಗೆ ಲೆಕ್ಕವುಂಟು, ಹಿಂದಿನ ಹಳ್ಳಿ ರಸ್ತೆ ಹಿಡಿದು ನುಸುಳಿದವನು ಆ ದಿನ ತುಮಕೂರಿಗೆ ಬಂದೇ ಇಲ್ಲ.

ಮೇಷ್ಟ್ರು ಕಂಡದ್ದು ಇದು. ಸೋಲಾರಿನ ಮೈನಸ್ ತಂತಿ ಸರಿಯಾಗಿ ಷಂಟಿನ ಆಚೆ ಬದಿಯಲ್ಲಿತ್ತು. ಯುಪಿಎಸ್ಸಿನ ಹೆಬ್ಬೆರಳು ಗಾತ್ರದ ಕಪ್ಪು ತಂತಿ ಮಾತ್ರ ನೇರ ಬ್ಯಾಟರಿಯ ಮೈನಸ್ಸಿಗೆ ಬಿಗಿದುಕೊಂಡಿತ್ತು. ಅಂದರೆ ಬಿಸಿಲಿನಿಂದ ಬಂದದ್ದಕ್ಕೆಲ್ಲ ಲೆಕ್ಕವುಂಟು, ಮನೆ ತಿಂದದ್ದಕ್ಕೆ ಲೆಕ್ಕವೇ ಇಲ್ಲ. ಬರೀ ಜಮಾ, ಖರ್ಚಿನ ಕಾಲಮ್ಮೇ ಇಲ್ಲದ ಕಿರ್ದಿ ಪುಸ್ತಕ. ಅಂಥ ಪುಸ್ತಕ ನೂರಲ್ಲದೆ ಇನ್ನೇನು ತೋರಿಸುತ್ತದೆ? ಯಂತ್ರ ಕೆಟ್ಟಿರಲಿಲ್ಲ. ತನ್ನ ಕಣ್ಣ ಮುಂದೆ ಹಾದದ್ದನ್ನು ಹಾದಷ್ಟೇ ಹೇಳುತ್ತಿತ್ತು. ತಂತಿಯನ್ನು ಹೀಗೆ ಕಟ್ಟಿದವರಾರೆಂದು ಕೇಳಿದ್ದಕ್ಕೆ ಎಲೆಕ್ಟ್ರಿಷಿಯನ್ ಒಂದಿಷ್ಟೂ ಅಳುಕದೆ ಹೇಳಿದ: "ಷಂಟಿನ ಬೋಲ್ಟು ಗಿಡ್ಡ ಇತ್ತು ಸಾರ್, ಎರಡು ಲಗ್ ಹಿಡೀಲಿಲ್ಲ. ಇಲ್ಲಿ ಜಾಗ ಇತ್ತು, ಕಟ್ಟಿದೆ. ಎಲ್ಲಾ ನೆಗೆಟಿವ್ ಒಂದೇ ಅಲ್ವಾ ಸಾರ್?"

ಈ ಮಾತನ್ನು ನಾನು ಆವತ್ತಿನಿಂದ ಮೆಲುಕು ಹಾಕುತ್ತಿದ್ದೇನೆ. ಕರೆಂಟಿನ ದೃಷ್ಟಿಯಿಂದ ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಎಲ್ಲಿ ಕಟ್ಟಿದರೂ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಧಾರಾವಾಹಿ ನಡೆಯುತ್ತದೆ. ಕೆಡುವುದು ಲೆಕ್ಕ ಮಾತ್ರ. ಲೆಕ್ಕ ಕೆಟ್ಟರೆ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಇಡೀ ರಾಜ್ಯದ ಆಡಳಿತ ಶಾಸ್ತ್ರವನ್ನು ಐದು ಪದದಲ್ಲಿ ಹೇಳಿದವನಿಗೆ ವಿಶ್ವವಿದ್ಯಾಲಯವೊಂದು ಗೌರವ ಡಾಕ್ಟರೇಟ್ ಕೊಡಬೇಕಿತ್ತು. ಮೇಷ್ಟ್ರು ಚಹಾ ಕೊಟ್ಟು ಕಳಿಸಿದರು.

ಕುತೂಹಲವಿದ್ದವರಿಗೆ ಹೇಳುತ್ತೇನೆ, ರೀವೈರಿಂಗ್ ಆದ ಮೇಲೆ ಮಾನಿಟರ್ ಮುನಿಸಿಕೊಳ್ಳುವುದರಲ್ಲಿ ನಾಲ್ಕು ಬಗೆ. ನಾಲ್ಕಕ್ಕೂ ಸರ್ಕಾರಿ ಕಚೇರಿಗಳಲ್ಲಿ ಪೂರ್ವಸೂರಿಗಳಿದ್ದಾರೆ.

ಮೊದಲನೆಯದು ಪೂರ್ತಿ ಮೌನ. ಡಿಸ್‌ಪ್ಲೇ ಕಪ್ಪು. ಬ್ಯಾಟರಿಯ ಪ್ಲಸ್‌ನಿಂದ ಮಾನಿಟರಿಗೆ ಅನ್ನ ಹಾಕುವ ಒಂದು ಸಣ್ಣ ಕೆಂಪು ತಂತಿ ಇರುತ್ತದೆ, ಅದರ ನಡುವೆ ಒಂದು ಆಂಪಿಯರಿನ ಫ್ಯೂಸ್. ಬ್ಯಾಟರಿ ಎತ್ತಿ ಇಳಿಸುವಾಗ ಆ ಫ್ಯೂಸ್ ಹೋಗಿರುತ್ತದೆ, ಇಲ್ಲವೇ ತಂತಿ ಕಳಚಿರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಕೆಲಸ. ಆದರೆ ಅದಕ್ಕೂ ಬೋರ್ಡ್ ಹೋಗಿದೆ ಎಂದು ಸಾವಿರಗಟ್ಟಲೆ ಎಸ್ಟಿಮೇಟ್ ಬರೆಯುತ್ತಾರೆ. ಟೇಬಲ್ಲಿನ ಗುಮಾಸ್ತ ರಜೆ ಹಾಕಿದ್ದಕ್ಕೆ ಹೊಸ ಕಟ್ಟಡಕ್ಕೆ ಟೆಂಡರ್ ಕರೆಯುವ ಪರಂಪರೆ ನಮ್ಮದು.

ಎರಡನೆಯದು ತಿರುಗುಬಾಣ. ಷಂಟಿನ ಎರಡು ಬದಿಗಳನ್ನು ಅದಲು ಬದಲು ಮಾಡಿ ಕೂರಿಸಿರುತ್ತಾರೆ. ಆಗ ಬ್ಯಾಟರಿ ಖಾಲಿಯಾಗುತ್ತಿರುವಾಗ ಮಾನಿಟರ್ ಚಾರ್ಜ್ ಆಗುತ್ತಿದೆ ಎನ್ನುತ್ತದೆ, ಚಾರ್ಜ್ ಆಗುವಾಗ ಖಾಲಿಯಾಗುತ್ತಿದೆ ಎಂದು ಗೋಳಾಡುತ್ತದೆ. ಸಾಲ ಮಾಡಿದ ವರ್ಷವನ್ನೇ ಅಭಿವೃದ್ಧಿಯ ವರ್ಷವೆಂದು ಓದುವ ಬಜೆಟ್ ಭಾಷಣ ಕೇಳಿದವರಿಗೆ ಇದು ಹೊಸತಲ್ಲ.

ಮೂರನೆಯದು ನವಜಾತ ಉತ್ಸಾಹ. ತಂತಿ ಬಿಚ್ಚಿ ಮತ್ತೆ ಕಟ್ಟಿದಾಗ ಹಲವು ಮಾನಿಟರುಗಳು ಹಳೆಯದನ್ನು ಮರೆಯುತ್ತವೆ. ಎದ್ದ ಕೂಡಲೇ ಬ್ಯಾಟರಿ ತುಂಬಿದೆ ಎಂದೇ ನಂಬಿ ನೂರರಿಂದ ಎಣಿಸಲು ಶುರುಮಾಡುತ್ತವೆ. ರೀಸೆಟ್ ಆಗಿದ್ದರೆ ನಿಮ್ಮ 150 ಎಎಚ್ ಬ್ಯಾಟರಿಯನ್ನು ಕಾರ್ಖಾನೆಯವರು ಇಟ್ಟ 200 ಎಎಚ್ ಎಂದೇ ತಿಳಿದಿರುತ್ತವೆ. ವರ್ಗವಾಗಿ ಬಂದ ಹೊಸ ಸಾಹೇಬರು ಮೊದಲ ದಿನದ ಪತ್ರಿಕಾಗೋಷ್ಠಿಯಲ್ಲಿ ಎಲ್ಲಾ ಸರಿಯಿದೆ ಎನ್ನುವುದು ಇದೇ ಫರ್ಮ್‌ವೇರಿನಲ್ಲಿ.

ನಾಲ್ಕನೆಯದು ಮೇಷ್ಟ್ರ ಮನೆಯದು, ಅಡ್ಡದಾರಿ. ಇದನ್ನು ಪತ್ತೆ ಹಚ್ಚಲು ಪದವಿ ಬೇಡ. ನೂರು ವಾಟಿನ ಒಂದು ಹಳೇ ಬಲ್ಬನ್ನು ಯುಪಿಎಸ್ ಮೇಲೆ ಉರಿಸಿ. ಯುಪಿಎಸ್ಸಿನ ನಷ್ಟವೂ ಸೇರಿ ಒಂಬತ್ತು ಹತ್ತು ಆಂಪಿಯರ್ ತೋರಿಸಬೇಕು. ಸೊನ್ನೆ ತೋರಿಸಿದರೆ ಕರೆಂಟು ಬೇರೆ ದಾರಿಯಲ್ಲಿ ಹೋಗುತ್ತಿದೆ ಎಂದರ್ಥ. ಮಲ್ಟಿಮೀಟರಿನಲ್ಲಿ ಬ್ಯಾಟರಿ ನೋಡಿ. ಕೆಲಸವಿಲ್ಲದೆ ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ 12.7ರ ಆಸುಪಾಸು, ಅರ್ಧ ಆಗಿದ್ದರೆ 12.2ರ ಆಸುಪಾಸು ಇರುತ್ತದೆ. 12.2 ಇದ್ದೂ ಡಿಸ್‌ಪ್ಲೇ ನೂರು ಎಂದರೆ, ಆ ನೂರು ಭಾಷಣದ್ದು.

ಮೇಷ್ಟ್ರ ಭಾವನವರದು ಗುಬ್ಬಿ ಕಡೆ ಅಡಿಕೆ ತೋಟ. ಅವರಿಗೆ ಈ ಕಥೆ ಹೇಳಿದಾಗ ನಗಲಿಲ್ಲ. "ನಿಮ್ಮದು ಒಂದು ಕಪ್ಪು ತಂತಿ. ನಮ್ಮ ಫೀಡರಿನಲ್ಲಿ ಊರಿಗೆ ಊರೇ ಷಂಟ್ ಬಿಟ್ಟು ಕಟ್ಟಿದೆಯಲ್ಲ" ಎಂದರು. ನಿಜವೇ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಈ ರಾಜ್ಯದಲ್ಲಿ ಕರೆಂಟು ಪುಕ್ಕಟೆ, ಬಹುಪಾಲಿಗೆ ಮೀಟರೇ ಇಲ್ಲ. ರಾಜ್ಯ ಮಾರುವ ವಿದ್ಯುತ್ತಿನ ಬಹುದೊಡ್ಡ ಪಾಲು ಹೋಗುವ ದಾರಿಯಲ್ಲೇ ಕಣ್ಣಿಲ್ಲ. ಹಾಗಾದರೆ ಸಬ್ಸಿಡಿ ಲೆಕ್ಕ ಎಲ್ಲಿಂದ ಬರುತ್ತದೆ? ಫೀಡರಿನಲ್ಲಿ ಹರಿದದ್ದನ್ನು ನೋಡಿ, ಅಲ್ಲಲ್ಲಿ ಮೀಟರಿಟ್ಟ ಟ್ರಾನ್ಸ್‌ಫಾರ್ಮರುಗಳನ್ನು ನೋಡಿ, ನಷ್ಟ ಇಷ್ಟಿರಬಹುದು ಎಂದು ಕಳೆದು, ಉಳಿದದ್ದನ್ನು ರೈತನ ಹೆಸರಿಗೆ ಬರೆಯುತ್ತಾರೆ. ದಾರಿಯಲ್ಲಿ ಸೋರಿದ್ದು, ಕೊಕ್ಕೆ ಹಾಕಿ ಎಳೆದದ್ದು ಎಲ್ಲವೂ ಆ ಅಂದಾಜಿನ ಹೊಟ್ಟೆಗೆ ಸೇರಬಹುದು. ಎಲ್ಲಾ ನೆಗೆಟಿವ್ ಒಂದೇ ತಾನೇ?

ಕಾನೂನು ಸುಮ್ಮನಿರಲಿಲ್ಲ. 2003ರ ವಿದ್ಯುತ್ ಕಾಯ್ದೆಯ 55ನೇ ಕಲಂ, ಎರಡು ವರ್ಷ ಕಳೆದ ಮೇಲೆ ಸರಿಯಾದ ಮೀಟರ್ ಇಲ್ಲದೆ ಯಾರಿಗೂ ವಿದ್ಯುತ್ ಕೊಡುವಂತಿಲ್ಲ ಎಂದು ಬರೆಯಿತು. ಕಾಯ್ದೆ ಜಾರಿಗೆ ಬಂದದ್ದು 2003ರ ಜೂನ್ 10ಕ್ಕೆ. ಅಂದರೆ 2005ರ ಜೂನ್ ಒಳಗೆ ದೇಶವೆಲ್ಲ ಮೀಟರ್ ಮಯವಾಗಬೇಕಿತ್ತು. ಆದರೆ ಅದೇ ಕಲಮಿನ ಕೆಳಗೆ, ಆಯೋಗ ಬೇಕೆಂದರೆ ಅವಧಿ ವಿಸ್ತರಿಸಬಹುದು ಎಂಬ ಕಿಟಕಿಯೊಂದನ್ನೂ ಇಟ್ಟರು. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಮನೆಗೆ ಕಳ್ಳ ಯಾವ ಕಡೆಯಿಂದ ಬರುತ್ತಾನೆಂದು ಗುಬ್ಬಿಯ ಮಕ್ಕಳಿಗೂ ಗೊತ್ತು.

ಮೀಟರ್ ಎಂದರೆ ರೈತನಿಗೆ ಬಿಲ್ಲಿನ ಭಯ. ಆ ಭಯ ಸುಳ್ಳಲ್ಲ, ಇವತ್ತು ಮೀಟರ್ ಬಂದರೆ ನಾಳೆ ಬಿಲ್ ಬರುತ್ತದೆ ಎಂದು ಅನುಭವವೇ ಹೇಳುತ್ತದೆ. ಆದರೆ ಭಾವನವರ ತಕರಾರು ಬೇರೆ. "ಪೇಪರ್‌ನಾಗೆ ಏಳು ಗಂಟೆ ತ್ರೀಫೇಸ್ ಅಂತಾರೆ. ತೋಟದಾಗೆ ನಾಲ್ಕೋ ಐದೋ ಗಂಟೆ ಬತ್ತದೆ, ಅದೂ ನಡುರಾತ್ರೀಲಿ. ಕೇಳಕ್ಕೆ ಹೋದ್ರೆ ಸಾಕ್ಷಿ ಎಲ್ಲೈತೆ ಅಂತಾರೆ. ಸಾಕ್ಷಿ ಹೇಳೋ ಡಬ್ಬೀನೇ ಇಲ್ವಲ್ಲಪ್ಪ!" ಸರ್ಕಾರದ ಪುಸ್ತಕದಲ್ಲಿ ಅವರ ತೋಟಕ್ಕೆ ಪೂರ್ತಿ ಕರೆಂಟು ಹರಿದಿದೆ, ಸಬ್ಸಿಡಿ ಸಂದಿದೆ, ಅಂದಾಜು ನೂರಕ್ಕೆ ನೂರು. ಅತ್ತ ಅಡಿಕೆ ಗೊನೆ ಬಾಡುತ್ತಿದೆ. ಅಳತೆ ಇಲ್ಲದ ಕಡೆ ಕೊಟ್ಟವನ ಮಾತೇ ಅಳತೆ. ಬಾಯಿ ಇಲ್ಲದವನ ಹೆಸರಿಗೆ ಎಷ್ಟು ಬೇಕಾದರೂ ಬರೆಯಬಹುದು.

ಹಾಗೆಂದು ಗುಬ್ಬಿಯಲ್ಲಿ ತಂತಿಯ ಶಿಸ್ತು ಗೊತ್ತೇ ಇಲ್ಲವೆನ್ನಬೇಡಿ. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರವರಿ 6ರಂದು ಪ್ರಧಾನಿಯವರೇ ಬಂದು ಉದ್ಘಾಟಿಸಿದರು. ವಿಮಾನ ಲೋಕದ ಪದ್ಧತಿ ಏನೆಂದರೆ, ಮುಖ್ಯವಾದ ಒಂದು ಜೋಡಣೆ ಬಿಚ್ಚಿ ಕಟ್ಟಿದರೆ ಕಟ್ಟಿದವನು ಸಹಿ ಹಾಕಬೇಕು. ಬೇರೆಯವನೊಬ್ಬ ಪರೀಕ್ಷಿಸಿ ಇನ್ನೊಂದು ಸಹಿ ಹಾಕಬೇಕು. ಯಾವ ಬೋಲ್ಟಿಗೆ ಯಾರು ಕೈ ಹಾಕಿದರೆಂದು ವರ್ಷಗಳ ನಂತರವೂ ಕಾಗದ ಹೇಳಬೇಕು. ಅಲ್ಲಿ ಹೋಗಿ "ಎಲ್ಲಾ ನೆಗೆಟಿವ್ ಒಂದೇ ಸಾರ್" ಎಂದು ನೋಡಿ. ಆಕಾಶದಲ್ಲಿ ಹಾರುವುದಕ್ಕೆ ಒಂದು ನಿಯಮ, ನೆಲದ ಮೇಲೆ ಬಾಳುವುದಕ್ಕೆ ಇನ್ನೊಂದು. ಬಿದ್ದರೆ ಸುದ್ದಿಯಾಗುವವರಿಗೆ ಸಹಿ, ಬಾಡಿದರೆ ಸುದ್ದಿಯಾಗದವರಿಗೆ ಅಂದಾಜು.

ಇನ್ನು ಕುಣಿಗಲ್. ಮೇಷ್ಟ್ರ ಬೀಗರು ಅಲ್ಲಿನವರು. ಅವರ ಮನೆಯಲ್ಲಿ ಬ್ಯಾಟರಿಯ ಮಾತು ಎತ್ತಿದರೆ ಐದು ನಿಮಿಷದಲ್ಲಿ ಹೇಮಾವತಿ ನೀರಿಗೆ ಬಂದು ನಿಲ್ಲುತ್ತದೆ. ಗೊರೂರಿನ ಜಲಾಶಯದಿಂದ ಹೊರಟ ನೀರು ಬಾಗೂರು ನವಿಲೆ ಸುರಂಗ ಹಾದು ತುಮಕೂರು ನಾಲೆಗೆ ಇಳಿಯುತ್ತದೆ. ದಾರಿಯುದ್ದಕ್ಕೂ ತಾಲ್ಲೂಕುಗಳು. ಗುಬ್ಬಿಯವರು ನಡುವೆ, ತುಮಕೂರು ನಗರದ ಕುಡಿಯುವ ನೀರಿನ ಬುಗುಡನಹಳ್ಳಿ ಕೆರೆ ನಡುವೆ, ಕುಣಿಗಲ್ಲಿನವರು ಕೊನೆಯಲ್ಲಿ. ಕೊನೆಯವರ ದೂರು ದಶಕಗಳಷ್ಟು ಹಳೆಯದು: "ನಮ್ಮ ಪಾಲು ಆದೇಶದಲ್ಲಿ ಹರೀತದೆ, ನಾಲೇಲಿ ಹರಿಯಲ್ಲ." ಇದಕ್ಕೆ ಸರ್ಕಾರ ಕಂಡುಕೊಂಡ ಪರಿಹಾರ ರೀವೈರಿಂಗ್. ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಎಂದು ಹೆಸರು. ನಾಲೆಯ 70ನೇ ಕಿಲೋಮೀಟರಿನ ಹತ್ತಿರ ನೀರು ತಿರುಗಿಸಿ, ಸುಮಾರು 35 ಕಿಲೋಮೀಟರ್ ಪೈಪಿನಲ್ಲಿ, ಸಾವಿರ ಕೋಟಿಯ ಆಸುಪಾಸಿನ ಖರ್ಚಿನಲ್ಲಿ, ನಡುವಿನ ದಾರಿ ಬಿಟ್ಟು ನೇರ ಕುಣಿಗಲ್ ಕಡೆಗೆ. ನಡುವಿನವರು ಸುಮ್ಮನಿರುತ್ತಾರೆಯೇ? 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆಯ ನಡುವೆಯೇ ಜನ ಬೀದಿಗಿಳಿದರು, ಕಾಮಗಾರಿಯ ಗುಂಡಿಗೆ ಮಣ್ಣು ತಳ್ಳಿದರು.

ಭಾವನವರು ಗುಬ್ಬಿ, ಬೀಗರು ಕುಣಿಗಲ್. ಮದುವೆ ಮುಂಜಿಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಸಾರು ಬರುವ ಮೊದಲೇ ಸಭೆ ಬಿಸಿಯಾಗುತ್ತದೆ. "ನಮ್ಮ ನೀರು ಪೈಪಿನಾಗೆ ಕದೀತೀರಿ" ಎಂದು ಒಬ್ಬರು. "ಇಷ್ಟು ವರ್ಷ ನಮ್ಮ ನೀರು ಕುಡಿದೋರು ನೀವು" ಎಂದು ಇನ್ನೊಬ್ಬರು. ಮೇಷ್ಟ್ರು ಹೋಳಿಗೆ ಬದಿಗಿಟ್ಟು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: ಗುಬ್ಬಿ ಗಡಿ ದಾಟುವಾಗ ಎಷ್ಟು ನೀರಿತ್ತು, ಕುಣಿಗಲ್ ಗಡಿ ಮುಟ್ಟಿದಾಗ ಎಷ್ಟಿತ್ತು, ದಿನದಿನದ ಗೇಜ್ ಯಾರ ಕೈಯಲ್ಲಿದೆ? ಇಬ್ಬರೂ ಪಲ್ಯ ಕೇಳಿದರು. ಎರಡು ತಾಲ್ಲೂಕಿನವರೂ ಕಣ್ಣಿಗೊತ್ತಿಕೊಳ್ಳುವ ಒಂದೇ ಗೇಜ್ ಪುಸ್ತಕವನ್ನು ಯಾವ ವೇದಿಕೆಯಲ್ಲೂ ಯಾವ ನಾಯಕರೂ ಎತ್ತಿ ಹಿಡಿದದ್ದನ್ನು ನಾನು ಕಂಡಿಲ್ಲ. ಎತ್ತಿ ಹಿಡಿಯುವುದು ಮೈಕು. ಪುಸ್ತಕ ಇದ್ದರೆ ಜಗಳ ಅರ್ಧ ದಿನದ್ದು, ಇಲ್ಲದಿದ್ದರೆ ಮೂರು ಚುನಾವಣೆಯದ್ದು. ತಿಳಿದವರು ಪುಸ್ತಕವನ್ನು ಯಾಕೆ ಹುಡುಕಿಯಾರು?

ಈಗ ಮತ್ತೆ ನಗರಕ್ಕೆ. 2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಮರಳೂರಿನಲ್ಲಿ ಹೊಸ ಮನೆ ಕಟ್ಟಿದವನು ಐದು ಸಾವಿರದ ಆಸುಪಾಸು ತೆತ್ತು ತನ್ನನ್ನು ತಾನೇ ಅಳೆಸಿಕೊಳ್ಳಬೇಕಾಯಿತು. ಅಳೆಯಲಿ, ತಕರಾರಿಲ್ಲ. ಗೃಹಜ್ಯೋತಿ ಯೋಜನೆಯ 200 ಪುಕ್ಕಟೆ ಯೂನಿಟ್ಟಿನ ಲೆಕ್ಕವೂ ಮೀಟರಿಂದಲೇ ನಡೆಯುತ್ತಿದೆ. ಹಳೇ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ದಾಟಿದರೆ ಬಿಲ್ ಓಡಿ ಬರುತ್ತದೆ, ಯುಪಿಎಸ್ ತಿಂದ ಕರೆಂಟಿಗೂ ರಿಯಾಯಿತಿ ಇಲ್ಲ. ಅಳತೆಯ ವಿಷಯದಲ್ಲಿ ನಮ್ಮ ವ್ಯವಸ್ಥೆಗೆ ಕೈಲಾಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. ವಸೂಲಿಯ ತಂತಿಯಲ್ಲಿ ಷಂಟ್ ಬಲು ಗಟ್ಟಿಯಾಗಿ, ಸೀಲು ಹಾಕಿ ಕೂತಿದೆ. ಕೊಡುವ ತಂತಿಯಲ್ಲಿ ಮಾತ್ರ ಬೋಲ್ಟು ಗಿಡ್ಡ. ಎಷ್ಟು ಗಂಟೆ ಕರೆಂಟು ಕೊಟ್ಟೆವು, ಎಷ್ಟು ನೀರು ಬಿಟ್ಟೆವು, ಒಂದೇ ರಸ್ತೆಯನ್ನು ಎಷ್ಟು ಸಲ ಅಗೆದೆವು, ಇವಕ್ಕೆ ಲಗ್ ಹಿಡಿಯುವುದಿಲ್ಲ. ಜನರ ಕಿಸೆಯಿಂದ ಹೊರಟದ್ದಕ್ಕೆ ಮಿಲಿವೋಲ್ಟಿನ ಲೆಕ್ಕ. ಜನರಿಗೆ ತಲುಪಬೇಕಾದದ್ದಕ್ಕೆ ಸಮಾರಂಭದ ಲೆಕ್ಕ.

ಇಷ್ಟೆಲ್ಲ ಆದ ಮೇಲೆ ಮೇಷ್ಟ್ರು ಮಾಡಿದ್ದಿಷ್ಟೇ. ಯುಪಿಎಸ್ ಬಂದ್ ಮಾಡಿದರು, ಸೋಲಾರ್ ಬಂದ್ ಮಾಡಿದರು. ಬ್ಯಾಟರಿಯ ಮೈನಸ್ಸಿನಿಂದ ಆ ಹೆಚ್ಚುವರಿ ಕಪ್ಪು ತಂತಿ ಬಿಚ್ಚಿದರು. ಉದ್ದದ ಬೋಲ್ಟೊಂದು ತಂದು ಷಂಟಿನ ಆಚೆ ಬದಿಗೆ ಎರಡೂ ಲಗ್ ಸೇರಿಸಿ ಬಿಗಿದರು. ತುದಿಯ ಹಸಿರು ಕಿಲುಬು ಉಜ್ಜಿ ತೆಗೆದು ಪೆಟ್ರೋಲಿಯಂ ಜೆಲ್ಲಿ ಸವರಿದರು. ಮಾನಿಟರಿನಲ್ಲಿ 150 ಎಎಚ್ ಎಂದು ತುಂಬಿದರು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಆಗಲು ಬಿಟ್ಟರು. ವೋಲ್ಟ್ 14.4ರ ಹತ್ತಿರ ನಿಂತು, ಒಳಗೆ ಹೋಗುವ ಆಂಪಿಯರ್ ಇಳಿದು ಇಳಿದು ಒಂದೆರಡಕ್ಕೆ ಬಂದಾಗ ಮಾನಿಟರ್ ನೂರು ಎಂದಿತು. ಈ ನೂರನ್ನು ಅದು ದುಡಿದು ಸಂಪಾದಿಸಿತ್ತು. ಆ ಸಂಜೆಯೇ ಕರೆಂಟು ಹೋಯಿತು. ಎರಡು ಫ್ಯಾನು, ಟಿವಿ, ದೀಪಗಳು, ಸುಮಾರು 30 ಆಂಪಿಯರ್. ಎರಡು ಗಂಟೆಯಲ್ಲಿ 60 ಆಂಪಿಯರ್ ಅವರ್ ಇಳಿದು ಮಾನಿಟರ್ 60 ಪರ್ಸೆಂಟ್ ತೋರಿಸಿತು. ಅಪ್ಪಟ ಸತ್ಯ. ಇನ್ನು ಅರ್ಧ ಗಂಟೆ ಓಡಿಸಿದರೆ ಬ್ಯಾಟರಿಯ ಆಯಸ್ಸಿಗೆ ಪೆಟ್ಟು ಎಂದು ಮೇಷ್ಟ್ರು ಟಿವಿ ಆರಿಸಿದರು.

ಮನೆಯಲ್ಲಿ ರಂಪವಾಯಿತು. "ಚೆನ್ನಾಗಿ ನೂರು ತೋರಿಸ್ತಿದ್ದ ಮಿಷನ್ನು ನೀವು ಕೈ ಹಾಕಿ ಕೆಡಿಸಿಬಿಟ್ರಿ" ಎಂದು ಮನೆಯಾಕೆ. "ಆಗ್ನೇಯಕ್ಕೆ ಹಾಕಿದ ಮೇಲೆ ನೂರಕ್ಕೆ ನೂರು ಬಂದಿತ್ತಲ್ಲ, ನೀವು ಬೋಲ್ಟು ಬಿಚ್ಚಿದ್ದು ರಾಹುಕಾಲದಲ್ಲಿ" ಎಂದು ಪಂಡಿತರು ಫೋನಿನಲ್ಲಿ. ಎದುರು ಮನೆಯವರು ತಮ್ಮ ಯುಪಿಎಸ್ಸಿನಲ್ಲಿ ಯಾವಾಗಲೂ ನಾಲ್ಕು ಗೆರೆ ಹಸಿರಾಗೇ ಇರುತ್ತದೆಂದು ಹೆಮ್ಮೆಯಿಂದ ತೋರಿಸಿದರು. ಎಲೆಕ್ಟ್ರಿಷಿಯನ್ನನ್ನು ಮತ್ತೆ ಕರೆಸಲಾಯಿತು. ಅವನು ಅರವತ್ತನ್ನು ನೋಡಿ ನೊಂದುಕೊಂಡು, "ನಾನು ಹೇಳ್ಲಿಲ್ವಾ ಸಾರ್, ಬೋರ್ಡ್ ಹೋಗಿದೆ ಅಂತ" ಎಂದ. ಐನೂರು ರೂಪಾಯಿ ಕೊಟ್ಟರೆ ಮೊದಲಿನ ಹಾಗೇ ನೂರು ತೋರಿಸುವಂತೆ ಮಾಡಿಕೊಡುತ್ತೇನೆಂದು ಅಭಯವನ್ನೂ ಇತ್ತ.

ಐನೂರು ಯಾಕೆ ದಂಡ? ನನ್ನ ಬಳಿ ಇದಕ್ಕಿಂತ ಅಗ್ಗದ ಉಪಾಯವಿದೆ. ಎಂ.ಜಿ. ರಸ್ತೆಯ ಯಾವ ಸ್ಟಿಕ್ಕರ್ ಅಂಗಡಿಗಾದರೂ ಹೋಗಿ, ದಪ್ಪಕ್ಷರದಲ್ಲಿ 100% ಎಂದು ಕತ್ತರಿಸಿಕೊಂಡು ಬಂದು ಡಿಸ್‌ಪ್ಲೇ ಮೇಲೆ ಅಂಟಿಸಿ. ಷಂಟ್ ಬೇಡ, ಫ್ಯೂಸ್ ಬೇಡ, ಕೆಂಪು ತಂತಿ ಬೇಡ. ಮಳೆಗೆ ನೆನೆಯುವುದಿಲ್ಲ, ವರ್ಗಾವಣೆಯಿಂದ ಬದಲಾಗುವುದಿಲ್ಲ, ಎಷ್ಟು ಸಲ ರೀವೈರಿಂಗ್ ಮಾಡಿದರೂ ಕೆಡುವುದಿಲ್ಲ. ಸರ್ಕಾರಿ ಪ್ರಗತಿ ವರದಿಗಳಲ್ಲಿ ದೀರ್ಘಕಾಲ ಪರೀಕ್ಷೆಗೊಳಪಟ್ಟು ಯಶಸ್ವಿಯಾದ ತಂತ್ರಜ್ಞಾನ. ಜೊತೆಗೆ ಒಂದು ಪ್ಯಾಕೆಟ್ ಮೇಣದ ಬತ್ತಿಯನ್ನೂ ತಂದುಕೊಳ್ಳಿ, ಅದು ಯೋಜನಾ ವೆಚ್ಚದಲ್ಲಿ ಸೇರಿಲ್ಲ.